ಬ್ಯಾರೆಲ್ ಖಾಲಿ ಆದ ಮಾತ್ರಕ್ಕೆ ಸೈಟ್ ಚೆನ್ನಾಗಿದೆ ಅಂತಲ್ಲ: ಕರಡಿ ಬೈಟ್ ಸೈಟ್ ಹೇಗಿದೆ ಅಂತ ಅಳೆಯೋದು

ಅಮೆರಿಕದ ಮೇನ್, ವಿಸ್ಕಾನ್ಸಿನ್, ಮಿನಿಸೋಟ, ಐಡಾಹೊ, ಅಲಾಸ್ಕಾ, ಇಲ್ಲಾ ಕೆನಡಾದ ಆಲ್ಬರ್ಟಾ, ಒಂಟಾರಿಯೋ ಕಡೆ ಇದ್ದು ಮೊದಲ ಸಲ ಬ್ಲ್ಯಾಕ್ ಬೇರ್ (ಅಲ್ಲಿನ ಕಪ್ಪು ಕರಡಿ) ಬೇಟೆ ಲೈಸೆನ್ಸ್ ತಗೊಂಡು ಬೈಟ್ ಹಾಕೋಕೆ, ಅಂದ್ರೆ ಕರಡಿ ಬರಲಿ ಅಂತ ಕಾಡಲ್ಲಿ ಬ್ಯಾರೆಲ್ ತುಂಬಾ ತಿನ್ನೋದು ಇಡೋಕೆ, ಶುರು ಮಾಡಿದವರು ಸಾಮಾನ್ಯವಾಗಿ ಒಂದೇ ಒಂದು ವಿಷಯ ನೋಡ್ತಾರೆ, ಹೋದ ಸಲ ತುಂಬಿಸಿಟ್ಟ ಬ್ಯಾರೆಲ್ ಈ ಸಲ ಖಾಲಿ ಆಗಿದ್ಯಾ ಇಲ್ವಾ. ಖಾಲಿ ಆಗಿದ್ರೆ ಖುಷಿ, ಇನ್ನಷ್ಟು ಸುರಿದು ಬರ್ತಾರೆ, ಖಾಲಿ ಆಗಿಲ್ಲ ಅಂದ್ರೆ ಬೇಜಾರು ಮಾಡ್ಕೊಂಡು ಜಾಗ ಬದಲಾಯಿಸ್ತಾರೆ. ನನ್ನ ಪ್ರಕಾರ ಇದು ಅಳತೆನೇ ಅಲ್ಲ. ಎಷ್ಟು ತಿಂದ್ವು ಅನ್ನೋದಕ್ಕಿಂತ ಯಾವುದು ಬಂತು, ಯಾವ ಹೊತ್ತಲ್ಲಿ ಬಂತು, ಬಂದಾಗ ಹೇಗಿತ್ತು, ಈ ಮೂರೇ ಮುಖ್ಯ. ದೊಡ್ಡ ಒಂಟಿ ಕರಡಿ ಒಂದು ಹಗಲು ಬೆಳಕಲ್ಲಿ ಗಾಬರಿ ಇಲ್ಲದೆ ಬಂದು ನಿಂತು ತಿನ್ನೋ ಸೈಟ್ ಒಳ್ಳೆ ಸೈಟ್, ಅದು ವಾರಕ್ಕೆ ಅರ್ಧ ಬಕೆಟ್ ಮಾತ್ರ ತಿಂದ್ರೂ ಸರಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ಬರೆದಿರೋದೆಲ್ಲ ಬೈಟ್ ಹಾಕೋದು ಕಾನೂನುಬದ್ಧ ಇರೋ ಜಾಗಗಳಿಗೆ ಮಾತ್ರ. ಅಮೆರಿಕದಲ್ಲೇ ಕೊಲೊರಾಡೊ 1992ರಲ್ಲಿ, ಒರೆಗಾನ್ 1994ರಲ್ಲಿ, ವಾಷಿಂಗ್ಟನ್ 1996ರಲ್ಲಿ ಜನರ ಮತಕ್ಕೆ ಹಾಕಿ ಬೈಟ್ ಬೇಟೆ ನಿಲ್ಲಿಸಿವೆ. ಮೇನ್‌ನಲ್ಲಿ 2004 ಮತ್ತು 2014ರಲ್ಲಿ ಎರಡು ಸಲ ನಿಷೇಧದ ಪ್ರಸ್ತಾಪ ಬಂದು ಎರಡೂ ಸಲ ಬಿದ್ದೋಯ್ತು. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕರಡಿ ಬೇಟೆನೇ ಅಪರಾಧ. ಹಾಗಾಗಿ ನಿಮ್ಮ ರಾಜ್ಯದ ಆ ವರ್ಷದ ರೂಲ್ಸ್ ಪುಸ್ತಕ ಪೂರ್ತಿ ಓದಿದ ಮೇಲೇನೇ ಮುಂದಿನದು.

ಅಳೆಯೋಕೆ ಶುರು ಮಾಡೋ ಮುಂಚೆ ನೀವು ಮಾಡೋ ಕೆಲಸ ಒಂದೇ ಥರ ಇರ್ಬೇಕು. ಒಂದು ದಿನ ಎರಡು ಬಕೆಟ್, ಇನ್ನೊಂದು ದಿನ ಐದು ಬಕೆಟ್, ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ, ಒಮ್ಮೆ ಮೂರು ದಿನಕ್ಕೆ, ಒಮ್ಮೆ ಎಂಟು ದಿನಕ್ಕೆ ಹೋದ್ರೆ ಸೈಟಲ್ಲಿ ಆದ ಬದಲಾವಣೆ ಕರಡಿಯಿಂದ ಆಯ್ತಾ ನಿಮ್ಮಿಂದ ಆಯ್ತಾ ಗೊತ್ತಾಗೋದೇ ಇಲ್ಲ. ಒಂದೇ ಅಳತೆಯ ಬಕೆಟ್, ಸಾಧ್ಯವಾದ್ರೆ ತೂಕ ಮಾಡಿ, ಅದೇ ಹೊತ್ತಿಗೆ, ಅದೇ ದಾರೀಲಿ. ಮಧ್ಯಾಹ್ನ ಹೋಗೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಬಿಸಿಲು ಹೊತ್ತಲ್ಲಿ ಕರಡಿಗಳು ಹೆಚ್ಚಾಗಿ ನೆರಳಲ್ಲಿ ಮಲಗಿರ್ತವೆ, ಮತ್ತೆ ಸಂಜೆ ಬರೋ ಹೊತ್ತಿಗೆ ನಿಮ್ಮ ವಾಸನೆ ಸ್ವಲ್ಪ ತಣ್ಣಗಾಗಿರುತ್ತೆ. ಇನ್ನೊಂದು, ಬೈಟ್ ಪೂರ್ತಿ ಮುಗಿದು ಎರಡು ಮೂರು ದಿನ ಖಾಲಿ ಬಿದ್ದಿರೋ ಹಾಗೆ ಮಾಡ್ಬೇಡಿ. ಬಂದು ನೋಡಿ ಏನೂ ಸಿಗದೆ ವಾಪಸ್ ಹೋದ ಕರಡಿ ಬೇರೆ ಕಡೆ ಹೊಟ್ಟೆ ತುಂಬಿಸ್ಕೊಳ್ಳೋಕೆ ಹೋಗುತ್ತೆ, ಅದು ಮತ್ತೆ ರೂಢಿಗೆ ಬರೋವರೆಗೂ ನಿಮ್ಮ ಲೆಕ್ಕ ಎಲ್ಲ ಕೆಟ್ಟೋಗುತ್ತೆ.

ಈಗ ಖಾಲಿ ಆಗಿರೋ ಬೈಟ್ ವಿಷಯಕ್ಕೆ ಬರೋಣ. ತಿಂದಿದ್ದು ಯಾರು? ರ್ಯಾಕೂನ್ ಅನ್ನೋ ಚಿಕ್ಕ ರಾತ್ರಿ ಪ್ರಾಣಿಗಳ ಒಂದು ಕುಟುಂಬ ರಾತ್ರಿ ಪೂರ್ತಿ ಕೂತು ತಿಂದ್ರೆ ಬೆಳಿಗ್ಗೆ ಹೊತ್ತಿಗೆ ಒಳ್ಳೆ ಪ್ರಮಾಣದಲ್ಲಿ ಖಾಲಿ ಆಗಿರುತ್ತೆ. ರೇವನ್ ಅಂತ ಆ ಕಡೆ ಸಿಗೋ ದೊಡ್ಡ ಕಾಗೆಗಳು ಬ್ರೆಡ್ಡು, ಡೋನಟ್ ಥರದ್ದು ಹೊತ್ಕೊಂಡು ಹೋಗಿ ಅಲ್ಲಲ್ಲಿ ಬಚ್ಚಿಡ್ತವೆ, ಅಳಿಲು ಒಂದೊಂದೇ ಕಾಳು ಸಾಗಿಸುತ್ತೆ, ಕಯೋಟಿ (ತೋಳದ ಜಾತಿಯದು), ನರಿ ಮಾಂಸ ಇದ್ರೆ ಬಿಡಲ್ಲ. ಇದನ್ನ ಬೇರ್ಪಡಿಸೋಕೆ ಸುಲಭ ದಾರಿ ಬೈಟ್ ಮೇಲೆ ದಪ್ಪ ದಿಮ್ಮಿ, ದೊಡ್ಡ ಕಲ್ಲು ಹೇರೋದು. ಒಬ್ಬ ಗಟ್ಟಿ ಮನುಷ್ಯ ಕಷ್ಟಪಟ್ಟು ಎತ್ತೋ ಅಷ್ಟು ಭಾರ ಇರ್ಲಿ. ರ್ಯಾಕೂನು ದಿಮ್ಮಿ ಸಂದಿಯಲ್ಲಿ ಕೈ ಹಾಕಿ ಎಳ್ಕೊಳ್ಳುತ್ತೆ, ದಿಮ್ಮಿ ಜಾಗದಲ್ಲೇ ಇರುತ್ತೆ, ಕರಡಿ ಬಂದ್ರೆ ದಿಮ್ಮಿ ಎಲ್ಲೋ ಎರಡು ಮೀಟರ್ ದೂರ ಬಿದ್ದಿರುತ್ತೆ. ದಿಮ್ಮಿ ಜೋಡಿಸಿದ ಮೇಲೆ ಫೋನಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ, ಮುಂದಿನ ಸಲ ಹೋದಾಗ ಅದರ ಪಕ್ಕ ಇಟ್ಟು ನೋಡಿದ್ರೆ ಸಾಕು, ಊಹೆ ಮಾಡೋ ಅಗತ್ಯನೇ ಇಲ್ಲ.

ವಿಸ್ಕಾನ್ಸಿನ್‌ನಲ್ಲಿ ಹೀಗೆ ದಿಮ್ಮಿ, ಕಲ್ಲು ಹೇರೋದು ಹೇಗಿದ್ರೂ ಕಡ್ಡಾಯ. ಅಲ್ಲಿ ಒಂದು ಸೈಟಿಗೆ 10 ಗ್ಯಾಲನ್‌ಗಿಂತ ಹೆಚ್ಚು ಇಡೋ ಹಾಗಿಲ್ಲ, ಲೋಹದ ಡ್ರಮ್ ಇಡೋ ಹಾಗಿಲ್ಲ, ಟೊಳ್ಳು ದಿಮ್ಮಿ ಇಲ್ಲಾ ನೆಲದ ಗುಂಡಿಯಲ್ಲಿ ಹಾಕಿ ಜಿಂಕೆ ಬಾಯಿಗೆ ಸಿಗದ ಹಾಗೆ ದಿಮ್ಮಿ, ಕಲ್ಲಿಂದ ಮುಚ್ಚಬೇಕು, ಮಾಂಸ, ಮೀನು, ಜೇನುತುಪ್ಪ ಇವೂ ಹಾಕೋ ಹಾಗಿಲ್ಲ. ಇನ್ನು ಚಾಕಲೇಟ್ ಅಂತೂ ನಿಮ್ಮ ರಾಜ್ಯದಲ್ಲಿ ಬಿಟ್ಟಿದ್ರೂ ಹಾಕ್ಬೇಡಿ. 2014ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಬೈಟ್ ಸೈಟ್ ಹತ್ರ ನಾಲ್ಕು ಕರಡಿ, ಅದರಲ್ಲಿ ಎರಡು ಮರಿ, ಸತ್ತು ಬಿದ್ದಿದ್ವು, ಅಲ್ಲಿ ಸುಮಾರು 90 ಪೌಂಡ್ ಚಾಕಲೇಟ್, ಡೋನಟ್ ಸುರಿದಿದ್ರು, ಚಾಕಲೇಟಲ್ಲಿರೋ ಥಿಯೋಬ್ರೊಮಿನ್ ವಿಷ ಆಗಿತ್ತು. ಬೈಟ್ ಚೆನ್ನಾಗಿ ಖಾಲಿ ಆಗ್ತಿತ್ತು ಆ ಸೈಟಲ್ಲೂ.

ಟ್ರೈಲ್ ಕ್ಯಾಮೆರಾ (ಎದುರಿಗೆ ಪ್ರಾಣಿ ಬಂದ್ರೆ ತಾನೇ ಫೋಟೋ ತೆಗೆಯೋದು) ಇಲ್ಲದೆ ಸೈಟ್ ಅಳೆಯೋದು ಕಷ್ಟ, ಆಗಲ್ಲ ಅಂತಲ್ಲ, ಆದ್ರೆ ಕ್ಯಾಮೆರಾ ಹಾಕೋಕೆ ನಿಮ್ಮ ಕಡೆ ಅನುಮತಿ ಇದ್ರೆ ಹಾಕಿ, ಆದ್ರೆ ಎರಡು ಹಾಕಿ. ಒಂದು ಬ್ಯಾರೆಲ್ ಪಕ್ಕದಿಂದ ನೋಡೋ ಹಾಗೆ, ಕರಡಿ ತಿನ್ನೋವಾಗ ಅಡ್ಡಲಾಗಿ ಪೂರ್ತಿ ದೇಹ ಕಾಣ್ಬೇಕು, ಇನ್ನೊಂದು ಸೈಟಿಗೆ ಬರೋ ಮುಖ್ಯ ಕಾಲುದಾರಿ ಕಡೆ. ಲೆನ್ಸ್ ಉತ್ತರಕ್ಕೆ ಮುಖ ಮಾಡಿದ್ರೆ ಬೆಳಿಗ್ಗೆ ಸಂಜೆ ಬಿಸಿಲು ನೇರ ಹೊಡೆದು ಫೋಟೋ ಬಿಳಿ ಆಗಲ್ಲ. ಒಂದರ ಹಿಂದೊಂದು ಮೂರು ಫೋಟೋ (ಬರ್ಸ್ಟ್), ಮಧ್ಯ ಅರ್ಧ ಇಲ್ಲಾ ಒಂದು ನಿಮಿಷ ಗ್ಯಾಪ್ ಸಾಕು. ಕರಡಿಗಳಿಗೆ ಹೊಸ ಪ್ಲಾಸ್ಟಿಕ್ ವಾಸನೆ ಅಂದ್ರೆ ಏನೋ ಕುತೂಹಲ, ಕಚ್ತವೆ, ಕೀಳ್ತವೆ, ಹಾಗಾಗಿ ಕಬ್ಬಿಣದ ಬಾಕ್ಸ್ ಒಳಗೆ ಇಟ್ಟು ಮರಕ್ಕೆ ಸ್ಕ್ರೂ ಹೊಡೀರಿ, ಬೈಟ್ ಮುಟ್ಟಿದ ಕೈಯಲ್ಲಿ ಕ್ಯಾಮೆರಾ ಮುಟ್ಬೇಡಿ, ಗ್ಲೌಸ್ ಬದಲಾಯಿಸಿ. ಮತ್ತೆ ದಯವಿಟ್ಟು ದಿನಾಂಕ, ಟೈಮ್ ಸರಿಯಾಗಿ ಸೆಟ್ ಮಾಡಿ, ಡೇಲೈಟ್ ಸೇವಿಂಗ್ (ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಮುಂದಿಡೋ ಪದ್ಧತಿ) ಇಂದ ಒಂದು ಗಂಟೆ ವ್ಯತ್ಯಾಸ ಉಳಿದುಹೋದ್ರೆ ಹಗಲು ರಾತ್ರಿ ಲೆಕ್ಕ ಪೂರ್ತಿ ತಲೆಕೆಳಗಾಗುತ್ತೆ.

ಕಾರ್ಡಲ್ಲಿ 600 ಫೋಟೋ ಬಂದಿದೆ ಅಂದ ತಕ್ಷಣ ಹಿಗ್ಗಬೇಡಿ. ಒಂದೇ ಮರಿ ಕರಡಿ ಎರಡು ಮೂರು ಗಂಟೆ ಕೂತ್ಕೊಂಡ್ರೆ ಅಷ್ಟು ಫೋಟೋ ಬಂದ್ಬಿಡುತ್ತೆ. ಫೋಟೋ ಎಣಿಸ್ಬೇಡಿ, ಭೇಟಿ ಎಣಿಸಿ. ವನ್ಯಜೀವಿ ಸಂಶೋಧಕರು ಕ್ಯಾಮೆರಾ ಡೇಟಾದಲ್ಲಿ ಸಾಮಾನ್ಯವಾಗಿ 30 ನಿಮಿಷದ ಗ್ಯಾಪ್ ಇಟ್ಕೊಂಡು ಲೆಕ್ಕ ಮಾಡ್ತಾರೆ, ಅಂದ್ರೆ ಅದೇ ಪ್ರಾಣಿ ಅರ್ಧ ಗಂಟೆ ಒಳಗೆ ಮತ್ತೆ ಕಂಡ್ರೆ ಅದು ಹಳೇ ಭೇಟಿನೇ, ಅದಾದ ಮೇಲೆ ಬಂದ್ರೆ ಹೊಸದು. ನಾವೂ ಅದನ್ನೇ ಮಾಡ್ಬಹುದು. ಆಮೇಲೆ ಪ್ರತಿ ಭೇಟಿಗೂ ಯಾವ ಕರಡಿ ಅಂತ ಗುರುತು ಹಾಕಿ. ಎದೆ ಮೇಲೆ ಬಿಳಿ ಪಟ್ಟಿ ಇದ್ಯಾ, ಅದರ ಆಕಾರ ಏನು, ಕಿವಿ ಹರಿದಿದ್ಯಾ, ಮೂತಿ ಬಣ್ಣ ಕಂದೋ ಕಪ್ಪೋ, ಮುಖದ ಮೇಲೆ ಗಾಯದ ಕಲೆ, ಕುಂಟುತ್ತಾ. ಜೂನ್ ಸುಮಾರಿಗೆ ಹಳೇ ಕೂದಲು ಉದುರೋ ಹೊತ್ತಲ್ಲಿ ಒಂದೇ ಕರಡಿ ಎರಡು ಬಣ್ಣ ಕಾಣುತ್ತೆ, ಹಾಗಾಗಿ ಮೈಬಣ್ಣ ನಂಬ್ಕೊಂಡು ಎರಡು ಕರಡಿ ಅಂತ ಬರೀಬೇಡಿ, ಎದೆ ಪಟ್ಟಿ, ಕಿವಿ ಗಾಯ ಇವು ಬದಲಾಗಲ್ಲ. ಪಶ್ಚಿಮದ ರಾಜ್ಯಗಳಲ್ಲಿ ಬ್ಲ್ಯಾಕ್ ಬೇರ್ ಅಂದ್ರೂ ಕಂದು, ಕೆಂಗಂದು ಬಣ್ಣದವೂ ಬರ್ತವೆ, ಅಲ್ಲಿ ಗುರುತು ಹಿಡಿಯೋದು ಇನ್ನೂ ಸುಲಭ. ಖಚಿತ ಇಲ್ಲ ಅಂದ್ರೆ ಗೊತ್ತಿಲ್ಲ ಅಂತಲೇ ಬರೆದಿಡಿ, ಕಡಿಮೆ ಪಕ್ಷ ಇಷ್ಟು ಕರಡಿ ಬರ್ತಿವೆ ಅನ್ನೋ ಸಂಖ್ಯೆ ಸಿಕ್ಕಿದ್ರೆ ಸಾಕು.

ಗಾತ್ರ ಅಂದಾಜು ಮಾಡೋಕೆ ಬ್ಯಾರೆಲ್ಲೇ ಸ್ಕೇಲು. 55 ಗ್ಯಾಲನ್ ಡ್ರಮ್ ನಿಲ್ಲಿಸಿದ್ರೆ ಸುಮಾರು 35 ಇಂಚು ಎತ್ತರ, ಅಡ್ಡ ಮಲಗಿಸಿದ್ರೆ ಸುಮಾರು 23 ಇಂಚು. ನಾಲ್ಕೂ ಕಾಲ ಮೇಲೆ ನಿಂತಾಗ ಬೆನ್ನು ನಿಂತಿರೋ ಡ್ರಮ್ಮಿನ ಮೇಲಂಚಿನ ಹತ್ರ ಬಂತು ಅಂದ್ರೆ ಅದು ನಿಜಕ್ಕೂ ದೊಡ್ಡ ಕರಡಿ. ಡ್ರಮ್ ಇಡೋ ಹಾಗಿಲ್ಲದ ಕಡೆ ಹತ್ತಿರದ ಮರಕ್ಕೆ ಎಷ್ಟು ಎತ್ತರದಲ್ಲಿ ಯಾವ ಗಂಟು, ಯಾವ ಕೊಂಬೆ ಇದೆ ಅಂತ ಅಳೆದು ಬರೆದಿಟ್ಕೊಳ್ಳಿ, ಅದೇ ಕೆಲಸ ಮಾಡುತ್ತೆ. ಕಿವಿ ನೋಡೋದು ಹಳೇ ವಿದ್ಯೆ ಆದ್ರೂ ಇವತ್ತಿಗೂ ಸರಿ, ಕಿವಿ ದೊಡ್ಡದಾಗಿ ತಲೆ ಮೇಲೆ ನೆಟ್ಟಗೆ ಹತ್ತಿರ ಹತ್ತಿರ ನಿಂತಿದ್ರೆ ಸಣ್ಣ ವಯಸ್ಸಿನದು, ಕಿವಿ ಚಿಕ್ಕದಾಗಿ ತಲೆಯ ಎರಡು ಪಕ್ಕಕ್ಕೆ ಸರಿದ ಹಾಗೆ ಕಂಡ್ರೆ ತಲೆ ಬೆಳೆದಿದೆ ಅಂತ ಅರ್ಥ. ಗಂಡು ದೊಡ್ಡದಾದ್ರೆ ಹಣೆ ಅಗಲ, ಕುತ್ತಿಗೆ ದಪ್ಪ, ಮುಂಗಾಲು ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪ, ನಡೆಯೋದು ಒಂಥರಾ ಭಾರವಾಗಿ ಓಲಾಡ್ಕೊಂಡು. ಹೊಟ್ಟೆ ನೆಲಕ್ಕೆ ತಾಗೋ ಹಾಗೆ ಕಂಡ್ರೆ ಕರಡಿ ದೊಡ್ಡದು, ಕಾಲು ಉದ್ದ ಕಂಡ್ರೆ ಎಳೇದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು, ಹೊತ್ತು. ಬಹಳ ಕಡೆ ಬೇಟೆಗೆ ಕಾನೂನು ಒಪ್ಪೋ ಸಮಯ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿಂದ ಸೂರ್ಯಾಸ್ತ ಆಗಿ ಅರ್ಧ ಗಂಟೆವರೆಗೆ, ನಿಮ್ಮ ರಾಜ್ಯದ ಟೇಬಲ್ ನೋಡ್ಕೊಳ್ಳಿ. ಆ ಹೊತ್ತಿನೊಳಗೆ ಬಂದ ಭೇಟಿ ಎಷ್ಟು, ಹೊರಗೆ ಎಷ್ಟು ಅಂತ ಬೇರೆ ಬೇರೆ ಎಣಿಸಿ. ಉದಾಹರಣೆಗೆ ಒಂದು ಸೈಟಲ್ಲಿ ವಾರಕ್ಕೆ 20 ಭೇಟಿ, ಅದರಲ್ಲಿ 18 ರಾತ್ರಿ. ಇನ್ನೊಂದರಲ್ಲಿ 6 ಭೇಟಿ, 4 ಹಗಲಲ್ಲಿ. ಮೊದಲನೇದರಲ್ಲಿ ಬೈಟ್ ಬೇಗ ಖಾಲಿ ಆಗುತ್ತೆ, ಆದ್ರೆ ನಾನು ಕೂರೋದು ಎರಡನೇದರಲ್ಲಿ. ಇನ್ನೂ ಸರಿಯಾಗಿ ಹೇಳ್ಬೇಕು ಅಂದ್ರೆ ಪ್ರತಿ ಕರಡಿಗೂ ಬೇರೆ ಲೆಕ್ಕ ಇಡಿ, ಯಾಕಂದ್ರೆ ಸಣ್ಣವು ನಾಲ್ಕು ಗಂಟೆಗೆಲ್ಲ ಬಂದು ತಿಂತಿರ್ತವೆ, ದೊಡ್ಡ ಗಂಡು ಹನ್ನೊಂದಕ್ಕೆ ಬರುತ್ತೆ, ಒಟ್ಟಿಗೆ ಸೇರಿಸಿ ಸರಾಸರಿ ತೆಗೆದ್ರೆ ಮಧ್ಯದ ಯಾವುದೋ ಹೊತ್ತು ಬರುತ್ತೆ, ಆ ಹೊತ್ತಿಗೆ ಯಾವ ಕರಡಿನೂ ಬರಲ್ಲ.

ಬ್ಲ್ಯಾಕ್ ಬೇರ್ ಮೂಲತಃ ರಾತ್ರಿ ಪ್ರಾಣಿ ಅಲ್ಲ, ತೊಂದರೆ ಇಲ್ಲದ ಕಾಡಲ್ಲಿ ಬೆಳಿಗ್ಗೆ, ಸಂಜೆ, ಹಗಲು ಹೊತ್ತಲ್ಲೇ ಆರಾಮಾಗಿ ಓಡಾಡ್ಕೊಂಡಿರುತ್ತೆ. ಹಾಗಾಗಿ ನಿಮ್ಮ ಸೈಟಿಗೆ ರಾತ್ರಿ ಮಾತ್ರ ಬರ್ತಿದೆ ಅಂದ್ರೆ ಅದಕ್ಕೊಂದು ಕಾರಣ ಇದೆ, ಹುಡುಕಿ. ಮೊದಲು ನಿಮ್ಮನ್ನೇ ನೋಡ್ಕೊಳ್ಳಿ, ಬೈಟ್ ತುಂಬೋಕೆ ಸಂಜೆ ಹೊತ್ತು ಹೋಗ್ತಿದ್ದೀರಾ, ಪದೇ ಪದೇ ಕಾರ್ಡ್ ತೆಗೆಯೋಕೆ ಹೋಗ್ತಿದ್ದೀರಾ, ಸ್ಟ್ಯಾಂಡ್ (ಬೇಟೆಗೆ ಕಾಯೋಕೆ ಮರಕ್ಕೆ ಕಟ್ಟೋ ಅಟ್ಟ) ಮೇಲೆ ಕೂತು ಕತ್ತಲಾದ ಮೇಲೆ ಗಲಾಟೆ ಮಾಡ್ಕೊಂಡು ಇಳೀತಿದ್ದೀರಾ. ಆಮೇಲೆ ಜಾಗ, ಸೈಟ್ ತುಂಬಾ ಬಯಲಲ್ಲಿದ್ರೆ ಹಗಲಲ್ಲಿ ಹೊರಗೆ ಬರೋ ಧೈರ್ಯ ದೊಡ್ಡ ಕರಡಿ ಮಾಡಲ್ಲ, ದಟ್ಟ ಪೊದೆ, ಜೌಗು, ಸೀಡರ್ ತೋಪು ಯಾವುದಾದ್ರೂ ಬೈಟ್ ಹತ್ರದವರೆಗೂ ಇದ್ರೆ ಅದರೊಳಗಿಂದ ನೆರಳಲ್ಲೇ ನಡ್ಕೊಂಡು ಬರುತ್ತೆ. ನಡೆದು ಬರೋ ಆಸರೆ ಇಲ್ಲದ ಸೈಟಿಗೆ ನೀವು ಏನು ಸುರಿದ್ರೂ ಹಗಲು ಭೇಟಿ ಹೆಚ್ಚಾಗಲ್ಲ. ಮೂರನೇದು ಬಿಸಿ, ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರುವಲ್ಲಿ ಸೆಕೆ ಜಾಸ್ತಿ ಇದ್ದ ವಾರ ಚಳಿಗಾಲದ ಕೊಬ್ಬು ಕಟ್ಕೊಳ್ತಿರೋ ಪ್ರಾಣಿ ಹಗಲಲ್ಲಿ ಅಲ್ಲಾಡೋದೇ ಕಡಿಮೆ, ಆ ವಾರದ ಅಂಕಿ ನೋಡಿ ಸೈಟ್ ಕೆಟ್ಟೋಯ್ತು ಅಂದ್ಕೊಳ್ಬೇಡಿ, ತಣ್ಣಗಾದ ಮೇಲಿನ ಎರಡು ದಿನ ನೋಡಿ. ಕ್ಯಾಮೆರಾ ಕೆಂಪು ಮಿಣುಕು ಬಿಡೋ ಥರದ್ದಾದ್ರೆ ಕೆಲವು ಕರಡಿ ಅದನ್ನೇ ನೋಡ್ಕೊಂಡು ನಿಲ್ತವೆ, ಅಂಥ ಫೋಟೋ ಮತ್ತೆ ಮತ್ತೆ ಬಂದ್ರೆ ಬೆಳಕು ಕಾಣದ ಮಾಡೆಲ್ ಹಾಕಿ ನೋಡಿ.

ನಡವಳಿಕೆ ಓದೋದು ಇನ್ನೊಂದು. ಇದಕ್ಕೆ ವಿಡಿಯೋ ಮೋಡಲ್ಲಿ ಹದಿನೈದು ಸೆಕೆಂಡಿನ ತುಣುಕು ಫೋಟೋಗಿಂತ ಎಷ್ಟೋ ಹೆಚ್ಚು ಹೇಳುತ್ತೆ. ಬಂದ ಕರಡಿ ನೇರ ಬ್ಯಾರೆಲ್ಲಿಗೆ ಹೋಗಿ ಕೂತು ತಿಂತಿದ್ಯಾ, ಇಲ್ಲಾ ಒಂದು ತುತ್ತು ಬಾಯಿಗೆ ಹಾಕ್ಕೊಂಡು ಓಡ್ತಿದ್ಯಾ? ಸಣ್ಣ ಕರಡಿ ತಿನ್ನೋವಾಗ ಪದೇ ಪದೇ ತಲೆ ಎತ್ತಿ ಒಂದೇ ದಿಕ್ಕಿಗೆ ನೋಡ್ತಿದ್ರೆ, ಕಿವಿ ಆ ಕಡೆನೇ ತಿರುಗಿಸಿದ್ರೆ, ಆ ದಿಕ್ಕಲ್ಲಿ ಅದಕ್ಕಿಂತ ದೊಡ್ಡದು ಇರೋ ಸಾಧ್ಯತೆ ಜಾಸ್ತಿ. ದಿನಾ ಬರ್ತಿದ್ದ ತಾಯಿ ಮರಿ ಇದ್ದಕ್ಕಿದ್ದ ಹಾಗೆ ನಿಂತ್ರೆ, ಎಳೆ ಕರಡಿಗಳ ಭೇಟಿ ಚಿಕ್ಕದಾಗಿ ಹೋದ್ರೆ, ತುಂಬಾ ಜನ ಸೈಟ್ ತಣ್ಣಗಾಯ್ತು ಅಂತ ಬೇಜಾರಾಗ್ತಾರೆ, ಎಷ್ಟೋ ಸಲ ಅದು ಉಲ್ಟಾ, ದೊಡ್ಡ ಗಂಡು ಬಂದು ಜಾಗ ಹಿಡ್ಕೊಂಡಿದೆ, ಉಳಿದವು ಹೆದರಿ ಹಿಂದೆ ಸರಿದಿವೆ. ಒಟ್ಟು ಭೇಟಿ ಕಡಿಮೆ ಆಗಿ ಸೈಟಿನ ಬೆಲೆ ಹೆಚ್ಚಾಗೋ ಹೊತ್ತು ಅದು. ಬ್ಯಾರೆಲ್ ಮಾತ್ರ ನೋಡೋರಿಗೆ ಇದು ತಿಳಿಯೋದೇ ಇಲ್ಲ, ಅವರು ಆಗಲೇ ಬ್ಯಾರೆಲ್ ಎತ್ಕೊಂಡು ಬೇರೆ ಕಡೆ ಹೋಗಿರ್ತಾರೆ.

ನೆಲ ನೋಡೋದು ಬಿಡ್ಬೇಡಿ, ಕ್ಯಾಮೆರಾ ಕಾಣೋದು ಒಂದು ತುಂಡು ಜಾಗ ಮಾತ್ರ. ಕರಡಿಗಳು ಒಂದೇ ದಾರೀಲಿ, ಎಷ್ಟೋ ಸಲ ಹಿಂದಿನ ಹೆಜ್ಜೆ ಮೇಲೇನೇ ಹೆಜ್ಜೆ ಇಟ್ಟು ನಡೀತವೆ, ಎರಡು ಮೂರು ವಾರದಲ್ಲಿ ಪಾಚಿ ಮೇಲೆ, ಎಲೆ ಮೇಲೆ ಗುಳಿ ಗುಳಿಯಾಗಿ ದಾರಿ ಮೂಡುತ್ತೆ. ಬೈಟಲ್ಲಿ ಹಳೇ ಅಡುಗೆ ಎಣ್ಣೆ ಹಾಕಿದ್ರೆ ಅದು ಅಂಗಾಲಿಗೆ ಅಂಟಿ ದಾರಿಯುದ್ದಕ್ಕೂ ಹೋಗುತ್ತೆ, ಇನ್ನೊಂದು ಕರಡಿ ಆ ಜಾಡು ಹಿಡಿದು ಬರುತ್ತೆ, ಎಣ್ಣೆ ಹಾಕೋದರ ನಿಜವಾದ ಉಪಯೋಗ ಅದೇ. ಎಷ್ಟು ದಾರಿ ಮೂಡಿವೆ, ಯಾವ ದಿಕ್ಕಿಂದ, ಯಾವುದು ಸವೆದಿದೆ ಅಂತ ನೋಡಿ. ಒಂದೇ ಒಂದು ದಾರಿ ಇದ್ರೆ ಒಂದೋ ಎರಡೋ ಕರಡಿ, ನಾಲ್ಕು ಕಡೆಯಿಂದ ದಾರಿ ಬಂದು ಸೇರ್ತಿದ್ರೆ ಸುತ್ತಲ ಕಾಡಿಗೆ ಸೈಟಿನ ಸುದ್ದಿ ಹೋಗಿದೆ.

ಹೆಜ್ಜೆ ಗುರುತಿಗೆ ಬ್ಯಾರೆಲ್ ಮುಂದೆ ಒಂದು ಮೀಟರ್ ಜಾಗ ಕೆರೆದು ಮಣ್ಣು ಸಡಿಲ ಮಾಡಿ ಸಮ ಮಾಡಿಡಿ. ಮುಂಗಾಲಿನ ಅಂಗಾಲು ಅಗಲ ಅಳೀರಿ, ಉಗುರು ಬೆರಳು ಸೇರಿಸ್ಬೇಡಿ. ಬೇಟೆಯವರಲ್ಲಿ ಒಂದು ಒರಟು ಲೆಕ್ಕ ಇದೆ, ಅಂಗಾಲಿನ ಅಗಲ ಇಂಚಲ್ಲಿ ಎಷ್ಟೋ ಅದಕ್ಕೆ ಒಂದು ಸೇರಿಸಿದ್ರೆ ಚರ್ಮ ಹರಡಿದಾಗ ಎಷ್ಟು ಅಡಿ ಕರಡಿ ಅಂತ. ಅಂದ್ರೆ 5 ಇಂಚು ಅಂಗಾಲು ಅಂದ್ರೆ ಸುಮಾರು 6 ಅಡಿ, ಅದು ಒಳ್ಳೆ ದೊಡ್ಡ ಗಂಡು. ಕೆಸರಲ್ಲಿ ಹೆಜ್ಜೆ ಜಾರಿ ಅಗಲ ಕಾಣುತ್ತೆ, ಒಂದು ಹೆಜ್ಜೆ ನಂಬ್ಬೇಡಿ, ನಾಲ್ಕೈದು ಅಳೆದು ಚಿಕ್ಕದನ್ನ ತಗೊಳ್ಳಿ. ಹಿಕ್ಕೆನೂ ನೋಡ್ಬೇಕು, ಮುಜುಗರ ಬೇಡ. ಹಿಕ್ಕೆ ತುಂಬಾ ಓಟ್ಸ್, ಕಾಳು ಇದ್ರೆ ಅದು ನಿಮ್ಮ ಬೈಟ್ ಮೇಲೆ ಬದುಕ್ತಿದೆ. ಬರೀ ಬೆರಿ ಬೀಜ, ಸಿಪ್ಪೆ ಇದ್ರೆ ಬೈಟ್ ಅದಕ್ಕೆ ನೆಚ್ಚಿನ ಊಟ ಅಲ್ಲ, ದಾರೀಲಿ ಹೋಗ್ತಾ ಇಣುಕಿ ನೋಡ್ತಿದೆ ಅಷ್ಟೇ. ಈ ಓಡಾಟ ಎಲ್ಲ ತುಂಬಿಸೋಕೆ ಹೋದ ದಿನವೇ ಮಧ್ಯಾಹ್ನ ಮುಗಿಸಿ, ಸೈಟಿನ ಹಿಂದಿನ ದಟ್ಟ ಪೊದೆಯೊಳಗೆ ಮಾತ್ರ ಹೋಗ್ಬೇಡಿ, ಅಲ್ಲಿ ಮಲಗಿರುತ್ತೆ.

ಕಾಡಲ್ಲಿ ಏನು ಬೆಳೆದಿದೆ ಅಂತ ನೋಡದೆ ಸೈಟಿಗೆ ಮಾರ್ಕ್ಸ್ ಕೊಡೋದು ಅನ್ಯಾಯ. ಶರತ್ಕಾಲ ಹತ್ರ ಬಂದಂತೆ ಕರಡಿಗೆ ವಿಪರೀತ ಹಸಿವು, ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನಬಲ್ಲದು, ಹೆಚ್ಚೂ ಕಡಿಮೆ ದಿನ ಪೂರ್ತಿ ತಿನ್ನೋದೇ ಕೆಲಸ. ಆದ್ರೆ ಅದು ನಿಮ್ಮ ಬೈಟೇ ಆಗ್ಬೇಕು ಅಂತೇನಿಲ್ಲ. ರಾಸ್ಪ್‌ಬೆರಿ, ಬ್ಲೂಬೆರಿ, ಕಾಡು ಚೆರ್ರಿ, ಹೇಝಲ್‌ನಟ್, ಓಕ್ ಕಾಯಿ, ಬೀಚ್ ಕಾಯಿ ಚೆನ್ನಾಗಿ ಬಿಟ್ಟ ವರ್ಷ ಒಳ್ಳೊಳ್ಳೆ ಸೈಟುಗಳೂ ಬಿಕೋ ಅಂತವೆ. ಉತ್ತರ ಮೇನ್‌ನಲ್ಲಿ ಬೀಚ್ ಕಾಯಿ ಒಂದು ವರ್ಷ ತುಂಬಾ, ಇನ್ನೊಂದು ವರ್ಷ ಇಲ್ಲವೇ ಇಲ್ಲ ಅನ್ನೋ ಹಾಗೆ ಬಿಡುತ್ತೆ, ಕಾಯಿ ಇರೋ ವರ್ಷ ಕರಡಿ ಬೈಟಿಗೆ ಬರೋದು ಕಡಿಮೆ. ಹಾಗಾಗಿ ಹೋದ ವರ್ಷದ ಅಂಕಿ ಪಕ್ಕ ಈ ವರ್ಷದ್ದು ಇಟ್ಟು ಹೋಲಿಸೋವಾಗ ಕಾಡಿನ ಬೆಳೆ ಹೇಗಿತ್ತು ಅಂತ ಒಂದು ಸಾಲು ಬರೆದಿರ್ಬೇಕು. ಅದಕ್ಕಿಂತ ಒಳ್ಳೇದು ಅದೇ ಹೊತ್ತಲ್ಲಿ ಹತ್ತಿರದ ಇನ್ನೊಂದು ಸೈಟ್ ಜೊತೆ ಹೋಲಿಸೋದು, ಎರಡೂ ಒಟ್ಟಿಗೆ ಬಿದ್ರೆ ಕಾಡಲ್ಲಿ ಊಟ ಜಾಸ್ತಿ ಆಗಿದೆ, ಒಂದೇ ಬಿದ್ರೆ ಆ ಸೈಟಿನದೇ ಏನೋ ಸಮಸ್ಯೆ.

ವಸಂತದ ಬೇಟೆ ಇರೋ ಕಡೆ ಇನ್ನೊಂದು ಮೋಸ ಇದೆ. ಮರಿಗಳು ಗುಹೆಯಲ್ಲಿ ಜನವರಿ ಸುಮಾರಿಗೆ ಹುಟ್ಟಿ ಮುಂದಿನ ವರ್ಷದ ಜೂನ್ ಸುಮಾರಿನವರೆಗೂ ತಾಯಿ ಜೊತೆ ಇರ್ತವೆ, ಆಮೇಲೆ ತಾಯಿ ಬಿಟ್ಟು ಓಡಿಸುತ್ತೆ. ಆ ಹೊತ್ತಲ್ಲಿ ಒಂದೂವರೆ ವರ್ಷದ ಕಿವಿ ದೊಡ್ಡ ಕರಡಿಗಳು ಎಲ್ಲಿಂದಲೋ ಬಂದು ಸೈಟಲ್ಲಿ ಸೇರ್ಕೊಳ್ತವೆ, ಭೇಟಿ ಸಂಖ್ಯೆ ಜಿಗಿಯುತ್ತೆ, ಅದು ಸೈಟಿನ ಗುಣ ಅಲ್ಲ, ಕ್ಯಾಲೆಂಡರಿನ ಗುಣ. ಅದೇ ಹೊತ್ತಲ್ಲಿ ಸಂಗಾತಿ ಹುಡುಕೋ ದೊಡ್ಡ ಗಂಡುಗಳು ಬೈಟಿಗೆ ಅಲ್ಲ, ಬೈಟಿಗೆ ಬರೋ ಹೆಣ್ಣಿನ ಹಿಂದೆ ಬರ್ತವೆ. ಹಾಗಾಗಿ ಮೇ ತಿಂಗಳಲ್ಲಿ ಒಂಟಿ ಹೆಣ್ಣು ಕರಡಿಗಳು ದಿನಾ ಬರೋ ಸೈಟನ್ನ ಗಂಡು ಇಲ್ಲ ಅಂತ ಬಿಟ್ಟುಬಿಡೋದು ಆತುರ ಅಂತ ನನಗನ್ಸುತ್ತೆ.

ಇದೆಲ್ಲ ತಲೇಲಿ ಇಟ್ಕೊಳ್ಳೋಕಾಗಲ್ಲ, ಒಂದು ಪುಸ್ತಕ ಇಡಿ ಇಲ್ಲಾ ಫೋನಲ್ಲಿ ಶೀಟ್ ಮಾಡಿ. ದಿನಾಂಕ, ಎಷ್ಟು ತುಂಬಿಸಿದ್ದು, ಎಷ್ಟು ಉಳಿದಿತ್ತು, ದಿಮ್ಮಿ ಸರಿದಿತ್ತಾ, ಯಾವ ಕರಡಿ, ಎಷ್ಟೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು, ಯಾವ ಕಡೆಯಿಂದ, ಗಾಳಿ ಯಾವ ದಿಕ್ಕು, ಸೆಕೆನಾ ಮಳೆನಾ. ಗಾಳಿ ದಿಕ್ಕು ಬರೆಯೋದು ಹೆಚ್ಚಿನವರು ಬಿಟ್ಬಿಡ್ತಾರೆ, ಆದ್ರೆ ದೊಡ್ಡ ಕರಡಿ ಬರೋ ಮುಂಚೆ ಬೈಟ್ ವಾಸನೆ ಗಾಳಿಯಲ್ಲಿ ಹೋಗೋ ಕಡೆಗೆ ಸುತ್ತು ಹಾಕಿ ಮೂಸಿ ನೋಡುತ್ತೆ, ಯಾವ ಗಾಳಿ ಇದ್ದ ದಿನ ಅದು ಹಗಲಲ್ಲಿ ಬಂತು ಅಂತ ಮೂರು ನಾಲ್ಕು ಸಲ ಸಿಕ್ಕಿದ್ರೆ ಸ್ಟ್ಯಾಂಡ್ ಯಾವ ಕಡೆ ಕಟ್ಟಬೇಕು, ಯಾವತ್ತು ಕೂರಬೇಕು, ಯಾವತ್ತು ಮನೇಲೇ ಇರ್ಬೇಕು ಎಲ್ಲ ಅಲ್ಲೇ ಸಿಗುತ್ತೆ.

ಎಷ್ಟು ದಿನ ಕಾಯ್ಬೇಕು ಅಂತ ಕೇಳ್ತಾರೆ. ಅದು ನಿಮಗೆ ಕಾನೂನು ಎಷ್ಟು ದಿನ ಕೊಡುತ್ತೆ ಅನ್ನೋದರ ಮೇಲೂ ಇದೆ, ವಿಸ್ಕಾನ್ಸಿನ್‌ನಲ್ಲಿ ಏಪ್ರಿಲ್ 15ರಿಂದಲೇ ಬೈಟ್ ಹಾಕ್ಬಹುದು, ಮೇನ್‌ನಲ್ಲಿ ಸೀಸನ್ ಶುರುವಾಗೋಕೆ 30 ದಿನ ಮುಂಚೆ ಅಷ್ಟೇ. ಮೇನ್ ಥರ ಕಡಿಮೆ ದಿನ ಇರೋ ಕಡೆ ಎರಡು ವಾರ ಆದ್ರೂ ಒಂದು ಕರಡಿನೂ ಹತ್ರ ಸುಳಿದಿಲ್ಲ, ದಾರಿ ಇಲ್ಲ, ಹಿಕ್ಕೆ ಇಲ್ಲ ಅಂದ್ರೆ ನಾನಾದ್ರೆ ಎತ್ತಿಬಿಡ್ತೀನಿ. ಒಮ್ಮೆ ಬಂದು ಮತ್ತೆ ಬಂದಿಲ್ಲ ಅಂದ್ರೆ ಎತ್ತಲ್ಲ, ಮೊದಲು ಬೈಟ್ ಮೂಸಿ ನೋಡ್ತೀನಿ, ಬೂಸ್ಟು ಹಿಡಿದಿದ್ಯಾ, ಮಳೆ ನೀರು ನಿಂತು ಹುಳಿ ಬಂದಿದ್ಯಾ. ಕೊಳೆತಿದ್ದರ ಮೇಲೆ ಹೊಸದು ಸುರಿದು ಪ್ರಯೋಜನ ಇಲ್ಲ, ಪೂರ್ತಿ ತೆಗೆದು ಕ್ಲೀನ್ ಮಾಡಿ ಹೊಸದಾಗಿ ಹಾಕಿ. ವಾಸನೆ ದೂರ ಹೋಗೋ ಹಾಗೆ ಎತ್ತರದ ಕೊಂಬೆಗೆ ಸೋಂಪಿನ ಎಣ್ಣೆ ಇಲ್ಲಾ ಬೀವರ್ ಕ್ಯಾಸ್ಟರ್ (ಬೀವರ್ ಪ್ರಾಣಿಯಿಂದ ಸಿಗೋ ಗಾಢ ವಾಸನೆಯ ವಸ್ತು) ಸವರಿದ ಬಟ್ಟೆ ಕಟ್ಟಿ. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಇಲ್ಲ ಅಂದ್ರೆ ಯಾವುದರಿಂದ ಸರಿಹೋಯ್ತು ಅಂತ ತಿಳಿಯಲ್ಲ. ರಾತ್ರಿ ಮಾತ್ರ ಬರ್ತಿದೆ ಅಂದ್ರೂ ಎತ್ತಲ್ಲ, ಬ್ಯಾರೆಲ್ಲನ್ನ ದಟ್ಟ ಕಾಡಿನ ಕಡೆಗೆ ಐವತ್ತು ಅರವತ್ತು ಮೀಟರ್ ಒಳಗೆ ಸರಿಸಿ ಒಂದು ವಾರ ಅತ್ತ ತಲೆ ಹಾಕದೆ ನೋಡ್ತೀನಿ, ಸರಿಸಿದ ಜಾಗ ರಸ್ತೆ, ಮನೆ, ನೀರಿಂದ ಇರ್ಬೇಕಾದ ದೂರದ ರೂಲ್ಸ್ ಒಳಗೇ ಇದ್ಯಾ ಅಂತ ಮತ್ತೆ ಅಳೆದುಕೊಂಡು. ಮಿನಿಸೋಟದಂಥ ಕಡೆ ಸೈಟ್ ನೋಂದಣಿ ಮಾಡಿಸಿರ್ತೀರಲ್ಲ, ಅದನ್ನೂ ಸರಿಮಾಡ್ಕೊಳ್ಬೇಕು.

ಕೆಲವು ಸೈಟ್ ಅಂಕಿಯಲ್ಲಿ ಚೆನ್ನಾಗಿ ಕಂಡ್ರೂ ಬಿಡ್ಬೇಕು. ಮರಿ ಇರೋ ತಾಯಿಗಳೇ ದಿನಾ ಬರೋ ಸೈಟ್ ಒಂದು. ಬಹಳ ರಾಜ್ಯಗಳಲ್ಲಿ ಮರಿ ಜೊತೆ ಇರೋ ತಾಯಿಗೆ ಹೊಡೆಯೋದು ಅಪರಾಧ, ಅಪರಾಧ ಅಲ್ಲದ ಕಡೆನೂ ಮಾಡ್ಬಾರ್ದು, ಮತ್ತೆ ತಾಯಿ ಬಂದಾಗ ಮರಿಗಳನ್ನ ಇಪ್ಪತ್ತು ಮೀಟರ್ ಹಿಂದೆ ಮರ ಹತ್ತಿಸಿ ಬಂದಿರುತ್ತೆ, ಫೋಟೋದಲ್ಲಿ ಒಂಟಿ ಹೆಣ್ಣು ಥರ ಕಾಣುತ್ತೆ. ಹಾಗಾಗಿ ಪ್ರತಿ ಹೆಣ್ಣು ಕರಡಿದೂ ಹಲವು ದಿನದ ಫೋಟೋ, ದಾರಿ ಕ್ಯಾಮೆರಾದ ಫೋಟೋ ಎರಡೂ ನೋಡಿ ಮರಿ ಇಲ್ಲ ಅಂತ ಖಾತ್ರಿ ಆಗೋವರೆಗೂ ಮರಿ ಇದೆ ಅಂತಲೇ ಅಂದ್ಕೊಳ್ಳಿ. ಬೈಟ್ ಸೈಟಿಂದ ಆಗೋ ದೊಡ್ಡ ಉಪಕಾರ ಇದೇ, ನೋಡೋಕೆ, ಗುರುತು ಹಿಡಿಯೋಕೆ, ಬೇಡ ಅಂತ ಬಿಡೋಕೆ ಟೈಮ್ ಸಿಗುತ್ತೆ. ಆ ಟೈಮ್ ಕೊಡದ ಸೈಟ್ ಒಳ್ಳೆ ಸೈಟ್ ಅಲ್ಲ.

ಇನ್ನೊಂದು, ನೀವು ಬಕೆಟ್ ಸುರಿಯೋವಾಗಲೇ ಪೊದೆಯಿಂದ ಹೊರಗೆ ಬಂದು ನಿಲ್ಲೋ ಕರಡಿ. ಕೆಲವರು ಇದನ್ನ ಸೈಟ್ ಭರ್ಜರಿಯಾಗಿದೆ ಅನ್ನೋದಕ್ಕೆ ಸಾಕ್ಷಿ ಅಂತಾರೆ, ನಾನು ಒಪ್ಪಲ್ಲ. ಮನುಷ್ಯನ ಸದ್ದು ಅಂದ್ರೆ ಊಟ ಅಂತ ಕಲಿತ ಕರಡಿ ನಾಳೆ ಯಾರದೋ ಕ್ಯಾಂಪಿಗೆ ಹೋಗುತ್ತೆ. ಬೇರ್ ಸ್ಪ್ರೇ ಕೈಗೆ ಸಿಗೋ ಹಾಗಿರ್ಲಿ, ಒಬ್ಬರೇ ಹೋಗ್ಬೇಡಿ, ತುಂಬಿಸೋ ದಿನಗಳ ಮಧ್ಯೆ ಅಂತರ ಹೆಚ್ಚಿಸಿ, ಆಗ್ಲೂ ಬಿಡ್ಲಿಲ್ಲ ಅಂದ್ರೆ ಸೈಟ್ ಮುಚ್ಚಿ. ಐಡಾಹೊ, ವಯೋಮಿಂಗ್ ಕಡೆ ಗ್ರಿಝ್ಲಿ (ದೊಡ್ಡ ಕಂದು ಕರಡಿ) ಫೋಟೋ ಬಂದ್ರೆ ಯೋಚನೆನೇ ಬೇಡ, ಅವತ್ತೇ ನಿಲ್ಲಿಸಿ ಇಲಾಖೆಗೆ ತಿಳಿಸಿ, ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಗ್ರಿಝ್ಲಿಗೆ 1975ರಿಂದ ಅಳಿವಿನಂಚಿನ ಜೀವಿಗಳ ಕಾಯ್ದೆಯ ರಕ್ಷಣೆ ಇದೆ. ಬಣ್ಣ ನೋಡಿ ನಿರ್ಧಾರ ಮಾಡ್ಬೇಡಿ, ಭುಜದ ಮೇಲೆ ಗೂನು, ಮಧ್ಯದಲ್ಲಿ ಒಳಗೆ ತಗ್ಗಾದ ಮುಖ, ಗುಂಡಗಿನ ಗಿಡ್ಡ ಕಿವಿ, ಮುಂಗಾಲಲ್ಲಿ ಉದ್ದದ ಉಗುರು ನೋಡಿ. ಮಣ್ಣಲ್ಲಿ ಗ್ರಿಝ್ಲಿಯ ಬೆರಳ ಗುರುತು ಹೆಚ್ಚೂ ಕಡಿಮೆ ಒಂದೇ ಸಾಲಲ್ಲಿ ಇರುತ್ತೆ, ಬ್ಲ್ಯಾಕ್ ಬೇರ್‌ದು ಕಮಾನಿನ ಥರ ಬಾಗಿರುತ್ತೆ.

ಸೀಸನ್ ಮುಗಿದ ಮೇಲೆ ಬ್ಯಾರೆಲ್, ಹಗ್ಗ, ಪ್ಲಾಸ್ಟಿಕ್, ಉಳಿದ ಬೈಟ್, ಬೋರ್ಡ್ ಎಲ್ಲ ತೆಗೀರಿ, ಮೇನ್‌ನಲ್ಲಿ ನವೆಂಬರ್ 10ರೊಳಗೆ ತೆಗೆದಿರಲೇಬೇಕು. ತೆಗೆಯೋಕೆ ಹೋದ ದಿನವೇ ಎಲ್ಲ ದಾರಿಗಳನ್ನ ಜಿಪಿಎಸ್‌ನಲ್ಲಿ ಗುರುತು ಮಾಡ್ಕೊಂಡು, ಆ ದಾರಿ ಹಿಡಿದು ಎಷ್ಟು ದೂರ ಹೋಗ್ಬಹುದೋ ಅಷ್ಟು ದೂರ ನಡೀರಿ, ಮಲಗಿದ ಜಾಗ, ಉಗುರು ಗೀಚಿದ ಮರ, ನೀರಿನ ಗುಂಡಿ ಎಲ್ಲಿದೆ ಅಂತ ನೋಡಿ. ಸೀಸನ್ ಮಧ್ಯ ಹೋಗ್ಬಾರದಿದ್ದ ಪೊದೆಗೆ ಈಗ ಹೋಗ್ಬಹುದು, ಆದ್ರೂ ಜೋರಾಗಿ ಮಾತಾಡ್ಕೊಂಡು ಹೋಗಿ. ಮುಂದಿನ ವರ್ಷ ಬ್ಯಾರೆಲ್ ಹಳೇ ಜಾಗದಲ್ಲೇ ಇಡ್ಬೇಕಾ, ಆ ದಾರಿಗಳು ಕೂಡೋ ಕಡೆಗೆ ಸರಿಸ್ಬೇಕಾ ಅಂತ ಅವತ್ತೇ ಶೀಟಿನ ಕೊನೆ ಸಾಲಲ್ಲಿ ಬರೆದಿಡಿ.